ಮುಚ್ಚಬೇಕಾದ ರೆಪ್ಪೆ

ಕಡಬದ ಬಸ್ಸಿನಲ್ಲಿ ಯಾರೋ "ಎಂತ ಅಕ್ಕಾ, ನಿದ್ದೆಯಾ?" ಎಂದ ಮೇಲೆ ಅಮ್ಮ ರೆಪ್ಪೆಯ ಆಪರೇಷನ್ ಮಾತೆತ್ತಿದಳು. "ಅರವತ್ತರ ಮೇಲೆ ಎಂತ ಚಂದ?" ಎಂದು ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಚಂದ ಕಾಣುವ ಆಸೆಗೆ ಗಡುವು ಇಟ್ಟವರು ಯಾರು?

ಆದರೆ ತಿಳಿದುಕೊಳ್ಳಬೇಕಾದ್ದು ಇದೆ. ಜೋತ ಚರ್ಮವಾದರೆ ಕತ್ತರಿಸಿ ಹೊಲಿಯುತ್ತಾರೆ; ರೆಪ್ಪೆ ಎತ್ತುವ ಸ್ನಾಯುವೇ ಸೋತಿದ್ದರೆ ಚಿಕಿತ್ಸೆ ಬೇರೆ. ಹೆಚ್ಚು ಕತ್ತರಿಸಿದರೆ ಕಣ್ಣು ಪೂರ್ತಿ ಮುಚ್ಚದೆ ಒಣಗುತ್ತದೆ. ಮೊದಲೇ ಕಣ್ಣು ಒಣಗುವ ತೊಂದರೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರರಿಗೆ ಹೇಳಬೇಕು. ಹೊಲಿಗೆ ಬಿಚ್ಚಲು ಸುಮಾರು ಒಂದು ವಾರ. ಬಾವು ಪೂರ್ತಿ ಇಳಿಯಲು ಇನ್ನೂ ಕೆಲವು ವಾರ. ಅಡಿಕೆ ಸುಲಿಯುವ ಧೂಳಿನ ದಿನಗಳಿಗೆ ಇದು ಹೊಂದುವುದಿಲ್ಲ.

ಪುತ್ತೂರಿನ ಕಣ್ಣಿನ ಡಾಕ್ಟರರಲ್ಲಿಗೆ ಒಯ್ಯಲು ಅಮ್ಮ ತನ್ನ ಹಳೆಯ ಫೋಟೋ ಹುಡುಕಿಟ್ಟಿದ್ದಾಳೆ. ಬೇರೆಯವಳಾಗುವುದು ಬೇಡವಂತೆ, ಅಷ್ಟು ಮಾತ್ರ ತೆರೆದರೆ ಸಾಕಂತೆ.