ಅಗ್ಗದ ಚೆಂಡಿನ ಆಯುಷ್ಯ

ಚೆಂಡನ್ನು ಹಿಚುಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೆಲಕ್ಕೆ ಒಮ್ಮೆ ಬಡಿದು, ‘ಇದು ಬ್ಯಾಡ್ರಿ, ಇನ್ನೊಂದು ತೆಗೀರಿ’ ಅನ್ನುವವರನ್ನು ನೋಡಬೇಕೆಂದರೆ ಭಾನುವಾರ ಬೆಳಿಗ್ಗೆ ಹೊಸಪೇಟೆಯ ಯಾವುದಾದರೂ ಆಟದ ಸಾಮಾನಿನ ಅಂಗಡಿಗೆ ಹೋಗಬೇಕು. ಸಂತೆಯಲ್ಲಿ ಕಲ್ಲಂಗಡಿ ಆರಿಸುವವರೂ ಇಷ್ಟು ಬಡಿದು ನೋಡುವುದಿಲ್ಲ. ಇಷ್ಟೆಲ್ಲ ವಿಚಾರಣೆ ಮುಗಿದ ಮೇಲೆ ಕೊಳ್ಳುವುದು ಮಾತ್ರ ಅಂಗಡಿಯಲ್ಲಿರುವ ಅತಿ ಅಗ್ಗದ ಟೆನಿಸ್ ಚೆಂಡನ್ನೇ. ಪಟ್ಟಿ ಎತ್ತಿದ ದುಡ್ಡು ಅಷ್ಟೇ ಇರುತ್ತದೆ. ಬ್ಯಾಟು ತಂದವನು ಪಟ್ಟಿ ಕೊಡುವುದಿಲ್ಲ, ಸ್ಟಂಪು ತಂದವನೂ ಕೊಡುವುದಿಲ್ಲ, ಬೌಲಿಂಗ್ ಮಾಡುವವನು ‘ನಾನಿಲ್ಲದಿದ್ರೆ ಆಟ ಎಲ್ಲೈತಿ’ ಅನ್ನುತ್ತಾನೆ. ಉಳಿದ ನಾಲ್ಕೈದು ಜನರ ಜೇಬಿನಲ್ಲಿ ಎಷ್ಟಿದೆಯೋ ಅಷ್ಟರ ಚೆಂಡು.

ಈ ಚೆಂಡು ಕೆಲಸಕ್ಕೆ ಬರುತ್ತದೆಯೇ? ವಾರಕ್ಕೊಮ್ಮೆ ಆಡುವ, ಬೇಸಿಗೆಯಲ್ಲಿ ಒಂದೆರಡು ಟೂರ್ನಮೆಂಟಿಗೆ ಹೆಸರು ಕೊಡುವ ನಮ್ಮಂಥವರಿಗೆ ಚೆನ್ನಾಗಿಯೇ ಬರುತ್ತದೆ ಎಂಬುದು ನನ್ನ ಪಕ್ಷ. ದುಬಾರಿ ಪಕ್ಷದವರೊಂದಿಗೆ ಚಹಾದಂಗಡಿಯಲ್ಲಿ ಬೇಕಾದಷ್ಟು ಜಗಳವಾಗಿದೆ.

ನಿಜವಾದ ಟೆನಿಸ್ ಚೆಂಡಿಗೆ ದೊಡ್ಡ ಶಾಸ್ತ್ರವಿದೆ. ತೂಕ 56ರಿಂದ 59.4 ಗ್ರಾಂ ಒಳಗಿರಬೇಕು. 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಒಳಗೆ ಗಾಳಿಯನ್ನು ಒತ್ತಿ ತುಂಬಿ, ಒತ್ತಡ ಇಳಿಯದಂತೆ ಡಬ್ಬಿಯಲ್ಲಿ ಮುಚ್ಚಿ ಮಾರುತ್ತಾರೆ. ಡಬ್ಬಿ ತೆರೆದ ದಿನದಿಂದಲೇ ಗಾಳಿ ಸೋರಲು ಶುರು. ವಿಂಬಲ್ಡನ್‌ನವರಿಗೆ ಚಿಂತೆಯಿಲ್ಲ, ಕೆಲವು ಗೇಮ್ ಆದೊಡನೆ ಹೊಸ ಚೆಂಡು ಬರುತ್ತದೆ. ನಮ್ಮಲ್ಲಿ ಅದೇ ಚೆಂಡು ಮುಂದಿನ ಅಮಾವಾಸ್ಯೆಗೂ ಬರಬೇಕು. ಅಗ್ಗದ ಕ್ರಿಕೆಟ್-ಟೆನಿಸ್ ಚೆಂಡುಗಳಲ್ಲಿ ಹೆಚ್ಚಿನವು ಗಾಳಿಯನ್ನು ನಂಬಿಕೊಂಡಿಲ್ಲ, ದಪ್ಪ ರಬ್ಬರನ್ನು ನಂಬಿವೆ. ಮೊದಲ ದಿನ ಪುಟಿತ ಸ್ವಲ್ಪ ಮೊದ್ದು, ನಿಜ. ಆದರೆ ತಿಂಗಳಾದ ಮೇಲೂ ಅದೇ ಮೊದ್ದು! ಬ್ಯಾಟ್ಸ್‌ಮನ್‌ಗೆ ಬೇಕಾದದ್ದು ಮುಂದಿನ ಚೆಂಡೂ ಹಿಂದಿನದರಂತೆಯೇ ಏಳುತ್ತದೆ ಎಂಬ ಭರವಸೆ ತಾನೇ?

ಲೆದರ್ ಚೆಂಡಿನ ಮಾತೇ ಬೇರೆ. 155.9ರಿಂದ 163 ಗ್ರಾಂ ತೂಕ, ನಡುವೆ ಕಾರ್ಕು, ಸುತ್ತ ನೂಲು, ಮೇಲೆ ಚರ್ಮ, ಚರ್ಮಕ್ಕೆ ಹೊಲಿಗೆ. 1931ರಲ್ಲಿ ಸಿಯಾಲ್‌ಕೋಟ್‌ನಲ್ಲಿ ಶುರುವಾಗಿ ದೇಶವಿಭಜನೆಯ ನಂತರ ಮೀರತ್ತಿಗೆ ಬಂದು ನೆಲೆಸಿದ ಕಂಪನಿಯ ಎಸ್‌ಜಿ ಚೆಂಡನ್ನು ಕೈಯಲ್ಲೇ ಹೊಲಿಯುತ್ತಾರೆ. ನಮ್ಮ ದೇಶದ ಟೆಸ್ಟ್‌ಗಳಲ್ಲಿ ಉರುಳುವುದು ಅದೇ. ಹಾಗಂತ ಅದಕ್ಕೂ ಹೊಗಳಿಕೆಯೇ ಸಿಗುತ್ತದೆಂದಲ್ಲ. 2018ರಲ್ಲಿ ವೆಸ್ಟ್ ಇಂಡೀಸ್ ಬಂದಾಗ ವಿರಾಟ್ ಕೊಹ್ಲಿಯೇ ಈ ಚೆಂಡು ಐದು ಓವರಿಗೇ ಗೀಚಿಹೋಗುತ್ತದೆ, ಇಂಗ್ಲೆಂಡಿನ ಡ್ಯೂಕ್ಸ್ ಚೆಂಡೇ ವಾಸಿ ಎಂದು ಗೊಣಗಿದ್ದರು. ಹುಲ್ಲು ಹಾಸಿದ ಮೈದಾನದಲ್ಲೇ ಈ ಗತಿಯಾದರೆ ಸಂಡೂರಿನ ಗರಸಿನ ಮೇಲೆ ಅದು ಎಷ್ಟು ಹೊತ್ತು ತಡೆದೀತು! ಕಡಿಮೆ ಬೆಲೆಯ, ಎರಡೇ ತುಂಡು ಚರ್ಮದ ಲೆದರ್ ಚೆಂಡುಗಳೂ ಸಿಗುತ್ತವೆ. ಅವನ್ನು ನಾನು ಶಿಫಾರಸು ಮಾಡುವುದಿಲ್ಲ. ಲೆದರಿನ ಏಟು ಪೂರ್ತಿ, ಲೆದರಿನ ಗುಣ ಅರ್ಧ. ಅಗ್ಗದ ಪರ ನನ್ನ ವಕಾಲತ್ತು ಟೆನಿಸ್ ಚೆಂಡಿಗೆ ಮಾತ್ರ.

ಸಂಡೂರು ಅಂದೆನಲ್ಲ, ಅಲ್ಲಿ ಇನ್ನೊಂದು ತಮಾಷೆ. ಅದಿರಿನ ಧೂಳಿನಲ್ಲಿ ಹಳದಿ ಚೆಂಡು ಎರಡು ಓವರಿಗೇ ಕೆಂಪಾಗುತ್ತದೆ. ದೂರದಿಂದ ನೋಡಿದವರು ‘ಏನ್ ಲೆದರ್ ಆಡ್ತಾರೋ ಹುಡುಗ್ರು’ ಅನ್ನಬೇಕು. ಕೆಂಪು ನೆಲ, ಕೆಂಪು ಚೆಂಡು, ಸಂಜೆಯ ಕೆಂಪು ಬಿಸಿಲು. ಬ್ಯಾಟ್ಸ್‌ಮನ್ ಔಟಾದರೆ ಯಾರನ್ನು ಬೈಯುವುದು? ನಲ್ಲಿಯಲ್ಲಿ ತೊಳೆದರೆ ಮೈಮೇಲಿನ ಜುಂಗು ನೀರು ಕುಡಿದು ಚೆಂಡು ಭಾರವಾಗುತ್ತದೆ, ಕೀಪರನ ಮುಖಕ್ಕೆ ಪ್ರೋಕ್ಷಣೆ. ಕಂಪ್ಲಿಯ ಕಡೆ ಭತ್ತ ಕೊಯ್ದ ಗದ್ದೆಯೇ ಮೈದಾನ. ಅಲ್ಲಿ ಚೆಂಡು ಕೂಳೆಗೆ ತಾಗಿ ಎತ್ತಲೋ ತಿರುಗಿದರೆ ಬೌಲರ್ ಅದನ್ನು ತನ್ನ ಸ್ಪಿನ್ನಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಎರೆನೆಲ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಚೆಂಡು ಕಣ್ಣೆದುರೇ ಭೂಗತವಾಗುವುದೂ ಉಂಟು. ಹಂಪಿಯ ಬದಿಯಲ್ಲಿ ಬಂಡೆಗಳ ಸಂದಿಗೆ ಹೊಕ್ಕ ಚೆಂಡನ್ನು ತೆಗೆಯಲು ಕೈ ಹಾಕುವವರಿಲ್ಲ. ಒಳಗೆ ಚೇಳೋ ಹಾವೋ, ಯಾರಿಗೆ ಗೊತ್ತು.

ಆದರೆ ಚೆಂಡುಗಳ ನಿಜವಾದ ಯಮ ಕಾಲುವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಬದಿಯ ತುರ್ತಾ ಕಾಲುವೆ: ವಿಜಯನಗರದ ಅರಸರು ಕಟ್ಟಿಸಿದವು ಇವತ್ತಿಗೂ ಕಬ್ಬಿಗೆ, ಬಾಳೆಗೆ ನೀರುಣಿಸುತ್ತಿವೆ. ಇವುಗಳ ಮೇಲೆ ತುಂಗಭದ್ರಾ ಅಣೆಕಟ್ಟಿನ ಮೇಲ್ಮಟ್ಟದ್ದು, ಕೆಳಮಟ್ಟದ್ದು ಬೇರೆ. ಇಷ್ಟು ನೀರು ಹರಿಯುವ ಸೀಮೆಯಲ್ಲಿ ಆಡುವ ಜಾಗವೆಲ್ಲ ಒಂದಲ್ಲ ಒಂದು ಕಾಲುವೆಯ ಪಕ್ಕಕ್ಕೇ ಬರುತ್ತದೆ. ದುಬಾರಿಯವರು ‘ಒಳ್ಳೇ ಚೆಂಡು ಬಾಳಿಕೆ ಬರ್ತದೆ’ ಅಂದಾಗ ನಾನು ಕೇಳುವುದು ಇಷ್ಟೇ: ನಮ್ಮಲ್ಲಿ ಚೆಂಡು ಸವೆದು ಸತ್ತದ್ದನ್ನು ನೋಡಿದವರು ಯಾರಿದ್ದೀರಿ? ಜುಂಗು ಬೋಳಾಗುವ ಮೊದಲೇ ನೀರುಪಾಲು. ಹತ್ತು ತಿಂಗಳು ಬಾಳುವ ಚೆಂಡೂ ಮೂರನೇ ಓವರಿನಲ್ಲಿ ಕಂಪ್ಲಿಯ ದಾರಿ ಹಿಡಿದರೆ ಆ ಬಾಳಿಕೆಗೆ ಕೊಟ್ಟ ದುಡ್ಡು ಮೀನಿಗೆ ಕೊಟ್ಟಂತೆಯೇ. ದುರಸ್ತಿಗೆಂದು ಕಾಲುವೆ ಬಂದ್ ಮಾಡಿದಾಗ ಕೆಸರಿನಲ್ಲಿ ಇಳಿದು ಹುಡುಕುವ ಹುಡುಗರಿಗೆ ಮಾತ್ರ ಸುಗ್ಗಿ.

ಚೆಂಡಿನ ಬೆಲೆ ಆಟದ ಕಾನೂನನ್ನೂ ಬರೆಯುತ್ತದೆ. ದುಬಾರಿ ಚೆಂಡು ತಂದ ದಿನ ‘ಕಾಲುವೆಗೆ ಬಿದ್ರೆ ಔಟ್, ಚೆಂಡಿನ ದುಡ್ಡೂ ಹೊಡೆದವನದೇ’ ಎಂಬ ಶಾಸನ ಜಾರಿಗೆ ಬರುತ್ತದೆ. ಎಂಥ ಧೈರ್ಯಸ್ಥನೂ ನೆಲಕ್ಕೆ ಅಂಟಿಸಿ ಒಂದೊಂದು ರನ್ನು ಕದಿಯತೊಡಗುತ್ತಾನೆ. ಅಗ್ಗದ ಚೆಂಡಿದ್ದ ದಿನ ಸಿಕ್ಸರ್ ಸಿಕ್ಸರೇ. ಇಂಥ ಚೆಂಡಿನಲ್ಲಿ ಆಡಿದರೆ ಆಟ ಕೆಡುತ್ತದೆಂಬ ಮಾತೂ ನಿಲ್ಲುವುದಿಲ್ಲ: ಹೈದರಾಬಾದಿನ ಮೊಹಮ್ಮದ್ ಸಿರಾಜ್, ಸೇಲಂ ಕಡೆಯ ನಟರಾಜನ್ ಇಬ್ಬರೂ ಟೆನಿಸ್ ಚೆಂಡಿನಲ್ಲೇ ತೋಳು ಪಳಗಿಸಿ ಭಾರತ ತಂಡದವರೆಗೆ ಹೋದರು. ಕರಾಚಿಯ ಹುಡುಗರಂತೂ ಅಗ್ಗದ ಚೆಂಡಿಗೆ ಕರೆಂಟಿನವರ ಟೇಪು ಸುತ್ತಿ ಸ್ವಿಂಗಿಗೊಂದು ವಿದ್ಯೆಯನ್ನೇ ಕಟ್ಟಿದರು. ಬೆಂಗಳೂರಿನ ಮಾಲುಗಳಲ್ಲಿ ಹತ್ತು ಪಿನ್ನು ಉರುಳಿಸುವ ಆಟವಿದೆಯಲ್ಲ, ಅಲ್ಲೂ ಇದೇ ವಾದವಂತೆ: ದುಬಾರಿ ರೆಸಿನ್ ಚೆಂಡು ಕೊನೆಯಲ್ಲಿ ಬಾಗಿ ತಿರುಗುತ್ತದೆ, ಅಗ್ಗದ ಪ್ಲಾಸ್ಟಿಕ್ಕಿನದು ನೆಟ್ಟಗೆ ಹೋಗುತ್ತದೆ. ಮೂಲೆಯಲ್ಲಿ ಒಂಟಿ ಪಿನ್ನು ಉಳಿದಾಗ ಪಳಗಿದವರು ಎತ್ತಿಕೊಳ್ಳುವುದು ಆ ನೆಟ್ಟಗಿನದನ್ನೇ.

ಅಗ್ಗದ್ದರಲ್ಲಿ ದೋಷವೇ ಇಲ್ಲವೆಂದರೆ ಸುಳ್ಳಾದೀತು. ಒಂದೇ ಪೆಟ್ಟಿಗೆಯ ಎರಡು ಚೆಂಡು ಅಣ್ಣತಮ್ಮಂದಿರಂತೆ ಕಂಡರೂ ಒಂದು ಮೊಣಕಾಲಿಗೆ ಏಳುತ್ತದೆ, ಇನ್ನೊಂದು ಮೂಗಿಗೆ. ಆದ್ದರಿಂದ ಅಂಗಡಿಯಲ್ಲಿ ಎರಡು ಕೈಯಲ್ಲಿ ಎರಡು ಚೆಂಡು ಹಿಡಿದು, ಎದೆಮಟ್ಟದಿಂದ ಒಟ್ಟಿಗೆ ಬಿಡಬೇಕು. ಜೊತೆಯಾಗಿ ಎದ್ದ ಎರಡನ್ನು ಕೊಳ್ಳಿ, ಒಂದು ಆಟಕ್ಕೆ, ಒಂದು ಕಾಲುವೆಗೆ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಮುಂದಿನ ಭಾನುವಾರವೂ ನಾವೇ ಅವನ ಗಿರಾಕಿಗಳು.