ಕುನ್ನಿಗಿ ಮೊದಲ ಪಾಠ: ನಿಂದ್ರು

ನಾಯಿಗಿ ಬ್ಯಾಟಿ ಕಲಸೂದಂದ್ರ ಓಡೂದು, ಹಿಡಿಯೂದು ಕಲಸೂದು ಅಂತ ಭಾಳ ಮಂದಿ ತಿಳ್ಕೊಂಡಾರ. ಮುಧೋಳ ನಾಯಿಗಿ ಅದನ್ನ ಯಾರೂ ಕಲಸಬೇಕಾಗಿಲ್ಲ ಅಕ್ಕಾರ, ಅದು ರಕ್ತದಾಗೇ ಬಂದಿರ್ತದ. ಕಲಸಬೇಕಾದದ್ದು ನಿಂದ್ರೂದು.

ಹೋದ ದೀಪಾವಳಿ ಮುಂದ ನಮ್ಮ ಮೈದುನ ಎರಡು ತಿಂಗಳ ಕುನ್ನಿ ತಂದ. ಉದ್ದನ್ನ ಕಾಲು, ಚೂಪ ಮಾರಿ, ಬೆನ್ನಿಗಿ ಹತ್ತಿದ ಹೊಟ್ಟಿ. ನಮ್ಮತ್ತಿ ನೋಡಿ, "ಇದಕ್ಕ ಯಾರೂ ರೊಟ್ಟಿ ಹಾಕಿಲ್ಲೇನ?" ಅಂದ್ರು. ಅದರ ಜಾತಿನೇ ಹಂಗ. ಮುಧೋಳದ ಘೋರ್ಪಡೆ ರಾಜರು ಬ್ಯಾಟಿಗಂತ ಬೆಳೆಸಿದ ತಳಿ ಇದು. 2005ರಾಗ ಅಂಚೆ ಚೀಟಿ ಮ್ಯಾಲೂ ಬಂತು.

"ವೈನಿ, ಇದನ್ನ ಕೌಜುಗ ಹಿಡಿಯೂ ನಾಯಿ ಮಾಡ್ತೀನಿ" ಅಂದ ಮೈದುನ.

ಕೌಜುಗ, ಬುರ್ಲಿ, ನವಿಲು, ಮೊಲ, ಯಾವುದನ್ನೂ ಹೊಡಿಯೂವಂಗಿಲ್ಲ. 1972ರ ವನ್ಯಜೀವಿ ಕಾಯ್ದೆ ಅದ, ಜೇಲಿಗಿ ಹೋಗಬೇಕಾಗ್ತದ. ಹೊಲ ನಮ್ಮದಿದ್ರೂ ಹಕ್ಕಿ ನಮ್ಮದಲ್ಲ. ನಮ್ಮ ಜ್ವಾಳದಾಗ ಹುಳ ಆರಿಸಿ ತಿನ್ನೂ ಜೀವ ಅದು. ಅಷ್ಟ ಹೇಳಿ ಕುನ್ನಿ ಪಾಠ ನಾನೇ ಹಿಡದೆ.

ಪರದೇಶದಾಗ ಹಕ್ಕಿ ಬ್ಯಾಟಿಗಿ ಪಾಯಿಂಟರ್ ಅನ್ನೂ ನಾಯಿ ಸಾಕ್ತಾರ. ಅದು ವಾಸನಿ ಹಿಡದು, ಹಕ್ಕಿ ಇದ್ದ ಕಡೆ ಮೂತಿ ಮಾಡಿ ಕಲ್ಲಿನಂಗ ನಿಂದ್ರತದ. ನಮ್ಮ ಮುಧೋಳದ್ದು ಮೂಗಿಗಿಂತ ಕಣ್ಣು ನಂಬೂ ನಾಯಿ. ದೂರದಾಗ ಏನರೆ ಅಲುಗಿದ್ರ ಸಾಕು, ಓಟ. ಅದಕ್ಕ ಇದಕ್ಕ ನಿಂದ್ರೂದು ಕಲಸೂದು ಇನ್ನೂ ಕಠಿಣ.

ಮೊದಲ ಪಾಠ ಗಂಗಾಳದ ಮುಂದ. ಹಾಲಾಗ ರೊಟ್ಟಿ ಮುರದು ಹಾಕಿ "ನಿಂದ್ರು" ಅನ್ನೂದು. ಮೊದಲ ಎರಡು ಎಣಿಸೂತನ, ಆಮ್ಯಾಲ ಹತ್ತು ಎಣಿಸೂತನ ತಡದು "ತಿನ್ನು" ಅನ್ನೂದು. ಎರಡನೇದು "ಬಿಡು". ಬಾಯಾಗ ಅರಿಬಿ ಇತ್ತಂದ್ರ ಜಗ್ಗಬಾರದು. ಜಗ್ಗಿದ್ರ ಅದಕ್ಕ ಆಟ ಆಗ್ತದ. ರೊಟ್ಟಿ ತುಂಡು ತೋರಿಸಿದ್ರ ತಾನೇ ಬಿಡ್ತದ. ಮೂರನೇದು ಹೆಸರು ಹಿಡದು ಕರದಾಗ ಬರೂದು. ಬಂದಾಗ ಎಂದೂ ಬೈಯಬಾರದು, ಬೈದ್ರ ಮುಂದ ಬರೂದೇ ಇಲ್ಲ. ದಿನಕ್ಕ ಎರಡು ಸಲ, ಐದೈದು ನಿಮಿಷ ಸಾಕು. ಹೊಡತ ಬ್ಯಾಡ. ಮೂರು ತಿಂಗಳಿಗಿ ಹುಚ್ಚುನಾಯಿ ರೋಗದ ಸೂಜಿ ತಪ್ಪಿಸಬಾರದು.

ಆಮ್ಯಾಲ ಅತ್ತಿಯ ಕೋಳಿ. ಉದ್ದನ್ನ ಹಗ್ಗ ಕಟ್ಟಿ ದೂರ ಕುಂದ್ರಸೂದು, ಕೋಳಿ ಬಿಟ್ಟು ನನ್ನ ಮಾರಿ ನೋಡಿದ್ರ ರೊಟ್ಟಿ ಕೊಡೂದು. ದಿನಾ ಒಂದೊಂದು ಹೆಜ್ಜಿ ಹತ್ತರ. "ಒಂದು ಕೋಳಿ ಹೋದ್ರ ನಾಯಿನೂ ಹೋಗ್ತದ" ಅಂದಿದ್ರು ಅತ್ತಿ. ಒಂದೂ ಹೋಗಲಿಲ್ಲ.

ಎಳ್ಳಮಾಸಿ ದಿನ ಚರಗ ಚೆಲ್ಲಾಕ ಎಲ್ಲಾರೂ ಸಿಂದಗಿ ಹೊಲಕ್ಕ ಹೋಗಿದ್ದಿವಿ. ಜ್ವಾಳದ ಸಾಲಿನಿಂದ ನಾಕೈದು ಕೌಜುಗ ಭರ್ರಂತ ಎದ್ದು. ಕುನ್ನಿ ಮೈಯೆಲ್ಲಾ ಬಿಲ್ಲಾತು. "ನಿಂದ್ರು!" ಅಂದೆ. ನಡಗಾಕ ಹತ್ತಿತು, ಆದ್ರ ನಿಂತಿತು. ಹಗ್ಗ ಸಡಲೇ ಇತ್ತು. ಮೈದುನ ಏನೂ ಅನಲಿಲ್ಲ, ತನ್ನ ಗಂಗಾಳದಾಗಿನ ಸಜ್ಜಿ ರೊಟ್ಟಿ ಮುರದು ಅದರ ಬಾಯಿಗಿ ಹಿಡದ.

ಹಂಗಂತ ಬಿಟ್ಟು ಓಡ್ಯಾಡಸೂದಿಲ್ಲ ಮತ್ತ. ಈ ಜಾತಿ ಒಮ್ಮೆ ಓಟ ಕಿತ್ತಿತಂದ್ರ ಕಿವಿ ಕೇಳೂದಿಲ್ಲ. ನೀವೂ ಸಾಕಿದ್ರ, ಹೊಲದಾಗ ಹಗ್ಗ ಬಿಚ್ಚಬ್ಯಾಡ್ರಿ.