ರೇಖೆಯ ತೂಕ

ಕಟ್ಟಡದ ನಕ್ಷೆಯು ಗೆರೆಗಳಿಂದಲೇ ಆದ ಒಂದು ಭಾಷೆ. ಸ್ವರಕ್ಕೆ ಹ್ರಸ್ವದೀರ್ಘಗಳ ಭೇದವಿರುವಂತೆ ಗೆರೆಗೂ ಸ್ಥೂಲಸೂಕ್ಷ್ಮಗಳ ಭೇದವುಂಟು. ಕೊಯ್ದು ತೋರಿಸಿದ ಗೋಡೆಗೆ ದಪ್ಪ ಗೆರೆ; ಅದರಾಚೆ ಕಾಣುವ ಮೆಟ್ಟಿಲು, ಕಟ್ಟೆಗಳಿಗೆ ನಡುತರದ್ದು; ಅಳತೆಗೂ ನೆಲಹಾಸಿನ ವಿವರಕ್ಕೂ ತೆಳುವಾದುದು. ಈ ಭೇದವಳಿದರೆ ಹ್ರಸ್ವವನ್ನು ದೀರ್ಘವಾಗಿ ಓದಿದಂತೆ ಅರ್ಥವೇ ಕೆಡುವುದು. ಬಿಸಿಲಿನಲ್ಲಿ ನಿಂತು ಕಾಗದವನ್ನು ಬಿಡಿಸುವ ಮೇಸ್ತ್ರಿಯ ಎದುರಿಗೆ ನಕ್ಷೆ ಬರೆದವನಿರುವುದಿಲ್ಲ. ಯಾವ ಗೋಡೆಯನ್ನು ಒಡೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಗೆರೆಯೇ ಅವನಿಗೆ ಹೇಳಬೇಕು.

ಹಿಂದೆ ಒಂದೊಂದು ದಪ್ಪಕ್ಕೆ ಒಂದೊಂದು ಮಸಿಯ ಲೇಖನಿಯಿದ್ದಿತು: 0.18, 0.25, 0.35, 0.5, 0.7 ಮಿ.ಮೀ. ಪ್ರತಿಯೊಂದೂ ಹಿಂದಿನದರ ಸುಮಾರು 1.41 ರಷ್ಟು. ಚೌಕಕ್ಕೂ ಅದರ ಕರ್ಣಕ್ಕೂ ಇರುವ ಸಂಬಂಧವೇ ಇದು. ಚೌಕದ ಕರ್ಣದ ಮೇಲೆ ಕಟ್ಟಿದ ಚೌಕವು ಕ್ಷೇತ್ರದಲ್ಲಿ ಇಮ್ಮಡಿಯಾಗುವುದೆಂದು ಶುಲ್ಬಸೂತ್ರಗಳು ಬಲ್ಲವು. ಆ ಕರ್ಣಕ್ಕೆ ದ್ವಿಕರಣೀ ಎಂದು ಹೆಸರು. ಎ4, ಎ3, ಎ2, ಎ1 ಎಂಬ ಕಾಗದಗಳ ಅಳತೆಯೂ ಇದೇ ಕ್ರಮದಲ್ಲಿ ಏರುವುದು. ಆದುದರಿಂದ ಎ2 ನಕ್ಷೆಯನ್ನು ಎ1ಕ್ಕೆ ಹಿಗ್ಗಿಸಿದರೆ 0.35ರ ಗೆರೆಯು 0.5 ಆಗಿ, ಮತ್ತೊಂದು ಲೇಖನಿಯ ಸ್ಥಾನದಲ್ಲಿಯೇ ಸರಿಯಾಗಿ ನಿಲ್ಲುವುದು. ಯಜ್ಞವೇದಿಯನ್ನು ಅಳೆದ ಹಗ್ಗದ ಗಣಿತವು ಲೇಖನಿಯ ತುದಿಯವರೆಗೆ ಬಂದಿರುವುದು ಸೋಜಿಗವಲ್ಲವೆ!

1982ರಲ್ಲಿ ಆಟೋಕ್ಯಾಡ್ ಹೊರಬಂದ ಮೇಲೆ ಲೇಖನಿಯ ಕೆಲಸವು ಕ್ರಮೇಣ ಗಣಕಯಂತ್ರಕ್ಕೆ ಸಂದಿತು. ಕೈಯಲ್ಲಿದ್ದ ಲೇಖನಿ ತನ್ನ ದಪ್ಪವನ್ನು ತಾನೇ ಕಾಯುತ್ತಿದ್ದಿತು. ಯಂತ್ರದೊಳಗಿನ ರೇಖೆಗಾದರೋ ಉದ್ದವುಂಟು, ಸಹಜವಾದ ಅಗಲವಿಲ್ಲ. ಅಗಲವು ಮುದ್ರಣಕಾಲದಲ್ಲಿ ಬರುವ ಒಪ್ಪಂದ ಮಾತ್ರ. ವಾಡಿಕೆಯ ಪದ್ಧತಿಯೊಂದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ದಪ್ಪವನ್ನು ಗೊತ್ತುಮಾಡಿ, ಸಿಟಿಬಿ ಎಂಬ ಕೋಷ್ಟಕದಲ್ಲಿ ಬರೆದಿಡುವರು. ನಕ್ಷೆಯನ್ನು ಮಾತ್ರ ಕಳುಹಿಸಿ ಕೋಷ್ಟಕವನ್ನು ಮರೆತರೆ, ಇನ್ನೊಂದು ಕಚೇರಿಯಲ್ಲಿ ಗೋಡೆಯೂ ನೆಲಹಾಸೂ ಒಂದೇ ಗೆರೆಯಾಗಿ ಹೊರಬರಬಹುದು. ವ್ಯಾಖ್ಯಾನವಿಲ್ಲದೆ ಸೂತ್ರವನ್ನು ಕೈಗಿತ್ತಂತೆ ಅದರ ಗತಿ.

ಕೆಡುವ ಬಗೆಗಳು ಇನ್ನೂ ಉಂಟು. ಪಾಲಿಲೈನಿಗೆ ಕೊಟ್ಟ ಅಗಲವು ಕಟ್ಟಡದ ಅಳತೆಯಲ್ಲಿರುವುದೇ ಹೊರತು ಕಾಗದದ ಅಳತೆಯಲ್ಲಲ್ಲ, 1:100ರಲ್ಲಿ 0.5 ಮಿ.ಮೀ. ತೋರಿದ್ದು 1:50ರಲ್ಲಿ 1 ಮಿ.ಮೀ. ಆಗುವುದು. ಎ1ನ್ನು ಎ3ಕ್ಕೆ ಕುಗ್ಗಿಸಿ ಮುದ್ರಿಸಿದರೆ ಉದ್ದಗಲಗಳು ಅರ್ಧವಾಗುವುವು. ಅದರೊಡನೆ ಗೆರೆಯೂ ಕುಗ್ಗಿದಲ್ಲಿ 0.18ರದು 0.09 ಆಗಿ ಕಣ್ಣಿಗೆ ಮಾಸುವುದು. ನಕ್ಷೆ ಬರೆಯುವ ಪರದೆಯಲ್ಲಿ ಗೆರೆಯ ದಪ್ಪವು ಹಿಗ್ಗಿಸಿದರೂ ಕುಗ್ಗಿಸಿದರೂ ಒಂದೇ ಆಗಿ ತೋರುವುದರಿಂದ ಪರದೆಯನ್ನು ನಂಬುವುದು ತರವಲ್ಲ.

ಇದಕ್ಕೆ ಪರಿಹಾರವು ಕಠಿನವಲ್ಲ, ನಿಯಮನಿಷ್ಠೆ ಮಾತ್ರ ಬೇಕು. ಗೋಡೆ, ಬಾಗಿಲು, ಅಳತೆ ಇವುಗಳಿಗೆ ಬೇರೆ ಬೇರೆ ಲೇಯರುಗಳನ್ನು ಮಾಡಿ, ದಪ್ಪವನ್ನು ಲೇಯರಿಗೇ ಕೊಡತಕ್ಕುದು. ಬಿಡಿ ಗೆರೆಗಳು ಅದನ್ನು ಅನುಸರಿಸಬೇಕು. ಮೂರು ನಾಲ್ಕು ದಪ್ಪಗಳಿಂದಲೇ ಕಾರ್ಯವು ಸಾಗುವುದು. ನೆರೆಯ ಎರಡು ದಪ್ಪಗಳಿಗಿಂತ ಒಂದನ್ನು ಬಿಟ್ಟು ಆರಿಸಿದರೆ ಭೇದವು ಸ್ಪಷ್ಟ. ಕೋಷ್ಟಕವು ನಕ್ಷೆಯೊಡನೆಯೇ ಹೋಗತಕ್ಕುದು. ಕಡೆಗೆ, ಕೆಲಸದ ಸ್ಥಳದಲ್ಲಿ ಬಳಸುವ ಅಳತೆಯ ಕಾಗದದಲ್ಲಿಯೇ ಒಂದು ಪ್ರತಿಯನ್ನು ಮುದ್ರಿಸಿ, ಕೈಯಳತೆಯ ದೂರದಲ್ಲಿ ಹಿಡಿದು ನೋಡತಕ್ಕುದು.

ಈ ಶ್ರಮವೆಲ್ಲ ಅಂದಕ್ಕಾಗಿ ಎಂದು ಬಗೆಯಲಾಗದು. ತಾನಿಲ್ಲದ ಎಡೆಯಲ್ಲಿ ತನ್ನ ಮಾತು ತಪ್ಪಾಗಿ ಕೇಳಿಸಬಾರದೆಂಬ ಎಚ್ಚರವೇ ನಕ್ಷೆಗಾರನ ಧರ್ಮ. ಗೋಡೆ ಹೊರುವ ಭಾರವನ್ನು ಮೊದಲು ಹೊರುವುದು ಅವನ ಗೆರೆ.